ಅವ್ವನೊಂದಿಗೆ ಕ್ಯಾರವಾನಿನಲ್ಲಿ ಗದಗ, ಹಾವೇರಿಯ ಬಳಗಕ್ಕೆ

ಧಾರವಾಡದಿಂದ ಗದಗಿಗೆ ಎಂಬತ್ತು ಕಿಲೋಮೀಟರೂ ಇಲ್ಲ. ಹಾಗಿದ್ದರೂ ಮೊಣಕಾಲಿನ ಸಂದಿವಾತ ಹೆಚ್ಚಾದ ಮೇಲೆ ನಮ್ಮ ಅವ್ವ ಅಲ್ಲಿರುವ ನನ್ನ ಅಕ್ಕನ ಮನೆಗೆ ಹೋಗುವುದನ್ನೂ, ಲಕ್ಷ್ಮೇಶ್ವರದ ಸಮೀಪದ ತನ್ನ ತವರಿಗೆ ಹೋಗುವುದನ್ನೂ ಬಿಟ್ಟೇಬಿಟ್ಟಿದ್ದಳು. ಅಡ್ಡಿಯಾಗಿದ್ದದ್ದು ದಾರಿಯಲ್ಲ, ಕುಕ್ಕರಗಾಲಿನಲ್ಲಿ ಕೂಡಬೇಕಾದ ಶೌಚಾಲಯ ಮತ್ತು ನೆಲದ ಮೇಲಿನ ಹಾಸಿಗೆ. ಇವೆರಡನ್ನೂ ನಮ್ಮೊಂದಿಗೇ ಒಯ್ಯಲು ಸಾಧ್ಯವಾದರೆ ಆಕೆ ಬಳಗವನ್ನೆಲ್ಲ ಕಂಡು ಬರಬಹುದು ಎಂಬ ಒಂದೇ ಕಾರಣಕ್ಕೆ ನಾನು ಕ್ಯಾರವಾನ್ ಬಾಡಿಗೆಗೆ ತೆಗೆದುಕೊಂಡೆ. ದಾರಿಯಲ್ಲಿದ್ದ ಗುಡಿ, ಕೆರೆಗಳನ್ನು ನೋಡುವ ಯೋಚನೆ ಆಮೇಲೆ ಸೇರಿಕೊಂಡಿತು.

ಗಾಡಿ ಮಲಗುವ ಬೆಂಚು, ಚಿಕ್ಕ ಅಡುಗೆ ಕಟ್ಟೆ ಮತ್ತು ಕಮೋಡ್ ಇರುವ ಸಾಧಾರಣ ಟ್ರಾವೆಲರ್ ವ್ಯಾನ್ ಆಗಿತ್ತು. ಸ್ವತಃ ಓಡಿಸಲು ಕೊಡುವ ಬಾಡಿಗೆ ವಾಹನಕ್ಕೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರಗಳಿರಬೇಕು. ಅದನ್ನೂ ವಿಮೆಯ ಕಾಗದವನ್ನೂ ಮೊದಲು ನೋಡಿದೆ. ಅನಂತರ ನೋಡಿದ್ದು ಎತ್ತರವನ್ನು. ನೆತ್ತಿಯ ಮೇಲಿನ ಎ.ಸಿ. ಸೇರಿ ಗಾಡಿ ಸುಮಾರು ಮೂರು ಮೀಟರ್ ಇತ್ತು. ಅದನ್ನು ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗಿನ ಎದುರು ಅಂಟಿಸಿದೆ. ರೈಲ್ವೆ ಕೆಳಸೇತುವೆಗಳ ಮುಂದೆ ಎತ್ತರದ ಫಲಕ ಇರುತ್ತದೆ, ಆದರೆ ಓಣಿಗಳಲ್ಲಿ ಅಡ್ಡಡ್ಡ ಜೋತುಬಿದ್ದ ಕೇಬಲ್ ತಂತಿಗೂ ಬೇವಿನ ಕೊಂಬೆಗೂ ಯಾವ ಫಲಕವೂ ಇರುವುದಿಲ್ಲ. ಹೀಗಾಗಿ ಊರೊಳಗೆ ಹೋಗುವಾಗಲೆಲ್ಲ ಮಗ ಇಳಿದು ಮುಂದೆ ನಡೆದು, ಮೇಲೆ ನೋಡಿ ಕೈ ಮಾಡಿದ ಮೇಲೆಯೇ ನಾನು ಗಾಡಿ ಮುಂದೆ ಬಿಡುತ್ತಿದ್ದೆ.

ಬಾಗಿಲಿನ ಮೆಟ್ಟಿಲು ಅವ್ವನಿಗೆ ಎತ್ತರವಾಗುತ್ತಿತ್ತು. ನಮ್ಮ ಓಣಿಯ ಬಡಿಗೇರನಿಂದ ಗೇಣು ಎತ್ತರದ ಸಾಗವಾನಿ ಮಣೆಯೊಂದನ್ನು ಮಾಡಿಸಿ, ಮೇಲೆ ರಬ್ಬರ್ ಹಾಳೆ ಬಡಿಸಿ, ನಾಲ್ಕೂ ಕಾಲಿಗೆ ಹಳೆಯ ಟಯರಿನ ತುಂಡು ಹಚ್ಚಿಸಿದೆ. ಅವ್ವ ಒಂದು ಕೈಯಿಂದ ಬಾಗಿಲ ಹಿಡಿಕೆಯನ್ನೂ ಇನ್ನೊಂದರಿಂದ ಮೊಮ್ಮಗನ ಹೆಗಲನ್ನೂ ಹಿಡಿದು, ಮೊದಲು ನೋವಿಲ್ಲದ ಎಡಗಾಲನ್ನು ಮಣೆಯ ಮೇಲಿಟ್ಟು ಹತ್ತುವಳು. ಇಳಿಯುವಾಗ ನೋವಿನ ಕಾಲು ಮೊದಲು. ಗಾಡಿಯ ಉಳಿದೆಲ್ಲ ಸೌಕರ್ಯಗಳಿಗಿಂತ ಈ ಮಣೆಯೇ ಹೆಚ್ಚು ಉಪಯೋಗಕ್ಕೆ ಬಂತು. ವಯಸ್ಸಾದವರನ್ನು ಕರೆದೊಯ್ಯುವವರು ಬಾಡಿಗೆ ಮಾತಾಡುವ ಮೊದಲು ಬಾಗಿಲಿನ ಎತ್ತರವನ್ನು ಅಳೆದುಕೊಳ್ಳಬೇಕು.

ನನಗೆ ಹೆಚ್ಚು ಯೋಚನೆ ಹಚ್ಚಿದ್ದು ಬಳಗದವರ ಮನಸ್ಸು. ನಮ್ಮ ಕಡೆ ಮನೆಗೆ ಬಂದವರು ಹೊರಗೆ ಮಲಗುತ್ತೇವೆ ಎಂದರೆ ಅದನ್ನು ಅವಮಾನವೆಂದೇ ತಿಳಿಯುತ್ತಾರೆ. ತವರಿನಲ್ಲಿ ನಮ್ಮ ಸೋದರಮಾವ ಅಂಗಳದಲ್ಲೇ ನಿಂತು, “ಯಾಕವಾ ತಂಗಿ, ನಮ್ಮ ಮನ್ಯಾಗ ಹಾಸಿಗಿ ಇಲ್ಲೇನು, ಗಾಡ್ಯಾಗ ಮಲಗಾಕ?” ಎಂದು ಕೇಳಿಯೇಬಿಟ್ಟರು. ಇಂಥ ಮಾತಿಗೆ ಸಮಜಾಯಿಷಿ ಹೇಳಿ ಗೆಲ್ಲಲಾಗದು. ಅವರನ್ನು ಒಳಗೆ ಕರೆದು, ಕಮೋಡು, ಹಿಡಿಕೆ, ಅವ್ವನ ಎತ್ತರದ ಹಾಸಿಗೆ ಎಲ್ಲವನ್ನೂ ತೋರಿಸಿದೆ. ಮಾಮಾ ಬೆಂಚಿನ ಮೇಲೆ ಕೂತು ನೋಡಿ, “ಇದು ನಮ್ಮ ಕೊಲ್ಲಾರಿ ಬಂಡಿ ಇದ್ಹಂಗ ಐತಿ ಬಿಡಪಾ” ಎಂದು ಹೊದಿಕೆಯಿರುವ ಎತ್ತಿನ ಬಂಡಿಗೆ ಹೋಲಿಸಿದರು. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಒಂದೇ ಕಟ್ಟಳೆ ಪಾಲಿಸಿದೆವು: ಊಟ, ಚಹಾ, ಮಾತುಕತೆ ಎಲ್ಲ ಅವರ ಮನೆಯಲ್ಲಿ, ರಾತ್ರಿಯ ನಿದ್ದೆ ಮಾತ್ರ ಗಾಡಿಯಲ್ಲಿ. ನಮ್ಮ ಒಲೆ ದಾರಿಯಲ್ಲಿ ಚಹಾ ಕಾಸುವುದಕ್ಕೂ ಅವ್ವನ ಬಿಸಿನೀರಿಗೂ ಸೀಮಿತವಾಯಿತು. ಗಾಡಿ ಓಡುವಾಗ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಇರಲೇಬೇಕು ಎಂಬುದನ್ನು ಹೆಂಡತಿ ಪ್ರತಿಸಲವೂ ತಾನೇ ನೋಡುತ್ತಿದ್ದಳು.

ಎರಡನೆಯ ಸೂಕ್ಷ್ಮ ವಿಷಯ ನೀರು. ಗದಗಿನಲ್ಲಿ ನಳಕ್ಕೆ ನೀರು ದಿನವೂ ಬರುವುದಿಲ್ಲ. ಬಂದ ದಿನ ಮನೆಯವರು ಕೊಡ, ಬ್ಯಾರಲ್, ಟಾಕಿ ತುಂಬಿಸಿಟ್ಟುಕೊಂಡು ಅಳೆದು ಬಳಸುವಾಗ, ತೊಂಬತ್ತು ಲೀಟರಿನ ಗಾಡಿಯ ಟಾಕಿಯನ್ನು ಅವರಿಂದ ತುಂಬಿಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ಬಳಕೆಯ ನೀರನ್ನು ಭಾವನ ಹೊಲದ ಬೋರಿನಲ್ಲಿ ಹಿಡಿದೆವು. ಗದಗ ಜಿಲ್ಲೆಯ ಅನೇಕ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯಲು ಅದನ್ನು ಬಳಸಲಿಲ್ಲ. ಊರೂರಿನಲ್ಲಿ ಇರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡೆವು. ಚಿಲ್ಲರೆ ನಾಣ್ಯಗಳ ಒಂದು ಚೀಲ ಇದಕ್ಕೆಂದೇ ಜೊತೆಗಿತ್ತು.

ಕಮೋಡಿನ ಕೆಳಗಿನ ಪೆಟ್ಟಿಗೆಯ ಬಗ್ಗೆ ಬರೆಯಲು ಯಾರೂ ಇಷ್ಟಪಡುವುದಿಲ್ಲ, ಆದರೆ ಅದರ ವ್ಯವಸ್ಥೆ ಸರಿಯಿಲ್ಲದಿದ್ದರೆ ಇಡೀ ಪ್ರವಾಸವೇ ತಪ್ಪು ಎಂದು ನಾನು ತಿಳಿದಿದ್ದೇನೆ. ಅದನ್ನು ಹಳ್ಳಕ್ಕೋ ರಸ್ತೆ ಬದಿಗೋ ಸುರಿಯುವುದು ಸಲ್ಲದು. ಬೇರೊಬ್ಬರ ಕೈಯಿಂದ ಮಾಡಿಸುವುದು ಅದಕ್ಕಿಂತ ದೊಡ್ಡ ತಪ್ಪು. ಬೆಳಗಿನ ಜಾವ, ಮನೆಯವರಿಗೆ ಮೊದಲೇ ಹೇಳಿ, ಅವರ ಶೌಚಾಲಯದಲ್ಲೇ ನಾನು ಖಾಲಿ ಮಾಡಿ ತೊಳೆಯುತ್ತಿದ್ದೆ. ವಾಸನೆ ತಡೆಯಲು ಹಾಕುವ ಕೆಲವು ದ್ರಾವಣಗಳಲ್ಲಿ ಇರುವ ಫಾರ್ಮಾಲ್ಡಿಹೈಡ್, ಮಲವನ್ನು ಕೊಳೆಸುವ ಸೂಕ್ಷ್ಮಜೀವಿಗಳನ್ನು ಕೊಂದು ಮನೆಯವರ ಶೌಚಗುಂಡಿಯನ್ನೇ ಕೆಡಿಸಬಲ್ಲದು. ಆದ್ದರಿಂದ ಕಿಣ್ವದಿಂದ ಕೆಲಸ ಮಾಡುವ ದ್ರಾವಣವನ್ನೇ ಕೇಳಿ ತರಿಸಿಕೊಂಡಿದ್ದೆ.

ವಿದ್ಯುತ್ತಿನ ಲೆಕ್ಕ ಸರಳ. 12 ವೋಲ್ಟಿನ 200 ಆಂಪಿಯರ್-ಅವರ್ ಬ್ಯಾಟರಿ ತುಂಬಿದಾಗ 2,400 ವ್ಯಾಟ್-ಅವರ್ ಕೊಡುತ್ತದೆ. ಚಿಕ್ಕ ಫ್ರಿಜ್, ಫ್ಯಾನು, ದೀಪಗಳಿಗೆ ಅದು ರಾತ್ರಿಗೆ ಧಾರಾಳವಾಯಿತು. ಒಂದೂವರೆ ಕಿಲೋವ್ಯಾಟ್ ಎಳೆಯುವ ಎ.ಸಿ.ಗೆ ಮಾತ್ರ ಅದು ಎರಡು ತಾಸಿಗೂ ಸಾಲದು. ನಾವು ಹೋದದ್ದು ಚಳಿಗಾಲದಲ್ಲಾದ್ದರಿಂದ ಎ.ಸಿ.ಯ ಅಗತ್ಯವೇ ಬೀಳಲಿಲ್ಲ.

ಗಾಡಿಯಲ್ಲೇ ಮಲಗಿದ್ದರ ನಿಜವಾದ ಲಾಭ ಕಂಡದ್ದು ಲಕ್ಕುಂಡಿಯಲ್ಲಿ. ಗದಗಿನಿಂದ ಅದು ಹನ್ನೆರಡು ಕಿಲೋಮೀಟರ್. ನಸುಕಿನಲ್ಲಿ ಅವ್ವನನ್ನು ಎಬ್ಬಿಸಿ, ಸ್ನಾನಕ್ಕೆ ಅವಸರ ಮಾಡಿ, ತಿಂಡಿ ಮುಗಿಸಿ ಹೊರಡಿಸುವ ತಾಪತ್ರಯವೇ ಇರಲಿಲ್ಲ. ಆಕೆ ಹಾಸಿಗೆಯಲ್ಲಿರುವಾಗಲೇ ಗಾಡಿ ಮೆಲ್ಲಗೆ ಹೊರಟು, ಬಿಸಿಲೇರುವ ಮೊದಲೇ ನಾವು ಅಲ್ಲಿದ್ದೆವು. ಊರಿನ ಓಣಿಗಳು ಕಿರಿದಾಗಿರುವುದರಿಂದ ಗಾಡಿಯನ್ನು ಮುಖ್ಯರಸ್ತೆಯ ಬಳಿ ನಿಲ್ಲಿಸಿ ಅವ್ವನನ್ನು ಆಟೋದಲ್ಲಿ ಕರೆದೊಯ್ದೆವು. ಕಾಶಿವಿಶ್ವನಾಥ ಗುಡಿಯೂ ಅದರೆದುರಿನ ಸೂರ್ಯನ ಗುಡಿಯೂ ಒಂದೇ ಜಗತಿಯ ಮೇಲೆ ಮುಖಾಮುಖಿಯಾಗಿ ನಿಂತಿವೆ. ಬಾಗಿಲವಾಡದ ಕೆತ್ತನೆಯನ್ನು ನೋಡಲು ಬೆಳಗಿನ ಓರೆಬಿಸಿಲೇ ಬೇಕು: ಬಳ್ಳಿಯ ಸುರುಳಿಗಳ ಹಿಂದೆ ಕಲ್ಲು ಎಷ್ಟು ಆಳಕ್ಕೆ ಕೊರೆದಿದೆ ಎಂಬುದು ನಡುಹಗಲಿನಲ್ಲಿ ಕಾಣುವುದಿಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ ಅವ್ವ ಬಹಳ ಹೊತ್ತು ಕೂತಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದ ಹೆಣ್ಣುಮಗಳು ಆಕೆ ಎಂದು ಮಗ ಓದಿ ಹೇಳಿದಾಗ, ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತಳಾದ ಅವ್ವ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ಮುಸುಕಿನ ಬಾವಿಯ ಪಾವಟಿಗೆಗಳನ್ನು ಆಕೆ ಇಳಿಯುವಂತಿರಲಿಲ್ಲ. ಮೇಲಿನ ಕಟ್ಟೆಯ ಮೇಲೆ ಕೂತು, ಕೆಳಗಿಳಿದ ನಮ್ಮಿಂದ ಗೂಡುಗಳ ವಿವರವನ್ನೆಲ್ಲ ಕೇಳಿ ತಿಳಿದಳು. ಡಂಬಳದ ದೊಡ್ಡಬಸಪ್ಪ ಗುಡಿಯನ್ನು ಮಾತ್ರ ಸುತ್ತು ಹಾಕಿಯೇ ನೋಡಬೇಕೆಂದು ಹಟ ಹಿಡಿದು, ಇಪ್ಪತ್ನಾಲ್ಕು ಕೋನಗಳ ನಕ್ಷತ್ರದ ಆಕಾರದ ಆ ಗೋಡೆಯನ್ನು ಕೈಯಿಂದ ಮುಟ್ಟುತ್ತ ಪೂರ್ತಿ ಬಂದಳು.

ತವರಿಗೆ ತಲುಪಿದ್ದು ಎಳ್ಳಮಾವಾಸ್ಯೆಯ ಹೊತ್ತಿಗೆ. ದಾರಿಯಲ್ಲಿ ಸಿಗುವ ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಹಿಮಾಲಯದ ಆಚೆಯಿಂದ ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು ಈ ಕೆರೆಗೆ ಬಂದಿಳಿಯುತ್ತವೆ. ಗಾಡಿಯ ದೊಡ್ಡ ಕಿಟಕಿಯಿಂದಲೇ ದುರ್ಬೀನು ಹಿಡಿದು, ನೆತ್ತಿಯ ಹಿಂದಿನ ಎರಡು ಕಪ್ಪು ಪಟ್ಟೆಗಳನ್ನು ಅವ್ವ ಗುರುತಿಸಿದಳು. ಮರುದಿನ ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿದ ಮೇಲೆ ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಊಟ. ಹೊಲದಲ್ಲಿ ಇಡೀ ದಿನ ಕಳೆಯುವುದು ಅವ್ವನಿಗೆ ಸಾಧ್ಯವಾದದ್ದು ಬದುವಿನ ಪಕ್ಕದಲ್ಲೇ ಕಮೋಡು ಇದ್ದದ್ದರಿಂದ. ಇದನ್ನು ಕಂಡ ಚಿಗವ್ವ, ದೊಡ್ಡವ್ವಂದಿರು ಒಬ್ಬೊಬ್ಬರಾಗಿ ಬಂದು, ತಾವೂ ಅದನ್ನು ಬಳಸಬಹುದೇ ಎಂದು ಸಂಕೋಚದಿಂದ ಕೇಳಿದರು. ಮೊಣಕಾಲು ಅವರೆಲ್ಲರಿಗೂ ನೋಯುತ್ತಿದ್ದವು. ಇಷ್ಟು ವರ್ಷ ಅವರು ಹಬ್ಬದ ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿ ಹೊಲಕ್ಕೆ ಬರುತ್ತಿದ್ದರಂತೆ.

ಹಾವೇರಿಯ ಕಡೆ ಬಳಗ ಕಡಿಮೆ, ನೋಡಿದ್ದೂ ಬೇಗ ಮುಗಿಯಿತು. ಸವಣೂರಿನ ದೊಡ್ಡಹುಣಸೆ (ಬಾವೊಬಾಬ್) ಮರಗಳು, ಪಶ್ಚಿಮಕ್ಕೆ ಮುಖ ಮಾಡಿರುವ ಹಾವೇರಿಯ ಸಿದ್ಧೇಶ್ವರ, ಹಾನಗಲ್ಲಿನ ತಾರಕೇಶ್ವರ. ತಾರಕೇಶ್ವರನ ಮಂಟಪದ ಕಮಲದ ಭುವನೇಶ್ವರಿಯನ್ನು, ಅಂದರೆ ಕೆತ್ತನೆಯ ಒಳಛಾವಣಿಯನ್ನು, ನೋಡಲು ಕತ್ತೆತ್ತಿ ನಿಲ್ಲುವ ಬದಲು ಚಾಪೆಯ ಮೇಲೆ ಮಲಗಿದರೆ ಒಳ್ಳೆಯದು. ಅವ್ವನಿಗೆ ಮಡಚುವ ಕುರ್ಚಿ ಒಯ್ದಿದ್ದೆವು.

ಇದೇ ದಾರಿಯನ್ನು ಮಳೆಗಾಲದಲ್ಲಿ ಹಿಡಿಯುವವರಿಗೆ ಒಂದು ಮಾತು. ಗದಗ ಸೀಮೆಯ ಎರೆಭೂಮಿ ಒಣಗಿದಾಗ ಕಲ್ಲಿನಂತೆ ಕಂಡರೂ ಒಂದು ಅಡ್ಡಮಳೆಗೆ ಅಂಟಾಗಿ ಗಾಲಿಗಳನ್ನು ನುಂಗುತ್ತದೆ. ಮೂರು ಟನ್ನು ಮೀರುವ ಇಂಥ ಗಾಡಿಯನ್ನು ಎತ್ತಿಗೂ ಎಳೆಯಲಾಗದು, ಟ್ರ್ಯಾಕ್ಟರೇ ಬರಬೇಕು. ರಾತ್ರಿ ನಿಲ್ಲಿಸಲು ಗರಸು ಹಾಕಿದ ಅಂಗಳ, ಡಾಂಬರು ರಸ್ತೆಗೆ ತಾಗಿದ ಜಾಗ ಅಥವಾ ಕಾಂಕ್ರೀಟಿನ ಕಣವನ್ನು ಹಗಲಿನಲ್ಲೇ ನೋಡಿಟ್ಟುಕೊಳ್ಳಿ. ಮಾಮಾ ಮುಂದಿನ ಎಳ್ಳಮಾವಾಸ್ಯೆಗೆ ನಮಗಾಗಿ ಹೊಲದ ದಾರಿಗೆ ಗರಸು ಹಾಕಿಸುವುದಾಗಿ ಹೇಳಿದ್ದಾರೆ; ಗಾಡಿಯನ್ನು ನಾನು ಈಗಲೇ ಕಾಯ್ದಿರಿಸಿದ್ದೇನೆ.