ಕಾರ್ಡ್ ಇತ್ತು, ಲಿಮಿಟ್ ಇತ್ತು, ಪಾವತಿ ಮಾತ್ರ ಆಗಲಿಲ್ಲ

ದಾವಣಗೆರೆ ಪಿ.ಜೆ. ಬಡಾವಣೆಯ ರೂಮಿನಲ್ಲಿ ಕೂತು 48,000 ರೂಪಾಯಿಯ ಲ್ಯಾಪ್‌ಟಾಪಿಗೆ ಹೊಸ ಕ್ರೆಡಿಟ್ ಕಾರ್ಡ್ ಹಾಕಿದೆ. ಮೂರು ಸಲವೂ ‘ಡಿಕ್ಲೈನ್ಡ್’. ಒಟಿಪಿ ಕೂಡ ಬರಲಿಲ್ಲ. ಹಿಂದಿನ ದಿನ ಇದೇ ಕಾರ್ಡ್ ಉಜ್ಜಿ ಪೆಟ್ರೋಲ್ ಹಾಕಿಸಿದ್ದೆ, ಇವತ್ತೇನು ರೋಗ ಇದಕ್ಕೆ? ಕಾಲ್‌ಸೆಂಟರಿನವರ ಮೇಲೆ ಸುಮ್ನೆ ರೇಗಿದೆ.

ಆಮೇಲೆ ಗೊತ್ತಾಯಿತು. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡ್ ಮೊದಲಿಗೆ ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷೀನಿನಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್ ಬೇಕಂದ್ರೆ ನಾವೇ ಆನ್ ಮಾಡಬೇಕು. ಬ್ಯಾಂಕಿನ ಆ್ಯಪ್ ತೆಗೆದು, ಕಾರ್ಡ್ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದೆ. ಆದ್ರೂ ಹೋಗಲಿಲ್ಲ! ನೋಡಿದರೆ ಅದರ ಕೆಳಗೇ ಆನ್‌ಲೈನ್ ಮಿತಿ ಬೇರೆ ಇತ್ತು, ಬರೀ 10,000. ಅದನ್ನು 50,000ಕ್ಕೆ ಏರಿಸಿದೆ. ಒಟಿಪಿ ಬಂತು, ದುಡ್ಡು ಹೋಯಿತು. ವಿದೇಶಿ ಪಾವತಿಯನ್ನು ಮಾತ್ರ ಆಫ್ ಆಗಿಯೇ ಬಿಟ್ಟಿದ್ದೇನೆ.