ದಾರಿ ಅಳೆದು ಕೊಂಡ ಎಲೆಕ್ಟ್ರಿಕ್ ಸೈಕಲ್: ನನ್ನ ಅನುಭವ

ದಿನವೂ ಕಚೇರಿಗೆ ಹೋಗಿಬರಲು ಎಲೆಕ್ಟ್ರಿಕ್ ಸೈಕಲ್ ಕೊಳ್ಳುವುದೆಂದು ನಿರ್ಧರಿಸಿದ ಮೇಲೆ ನಾನು ಮೊದಲು ಅಳೆದದ್ದು ದಾರಿಯನ್ನು. ಒಂದು ಬದಿಗೆ 11 ಕಿಲೋಮೀಟರ್. ಬಹುಪಾಲು ಸಮತಟ್ಟು, ನಡುವೆ ಒಂದು ಸೇತುವೆಯ ಏರು, ಕಚೇರಿ ಸಮೀಪಿಸಿದಂತೆ ಅರ್ಧ ಕಿಲೋಮೀಟರಿನ ಚಡಾವು, ಮನೆಯ ಬಳಿ ಮೆಟ್ಟಿಲು. ಸೈಕಲ್ಲನ್ನು ಆರಿಸಬೇಕಾದದ್ದು ದಾರಿಯ ಸರಾಸರಿಗೆ ಅಲ್ಲ, ಅದರ ಅತಿ ಕಷ್ಟದ ತುಂಡಿಗೆ. ಸಮತಟ್ಟಿನಲ್ಲಿ ಯಾವ ಸೈಕಲ್ಲಾದರೂ ಓಡುತ್ತದೆ. ಚಡಾವು, ಮೆಟ್ಟಿಲು, ಮಳೆ ಈ ಮೂರರ ಎದುರು ನಿಲ್ಲಿಸಿದಾಗಲೇ ಒಂದರಿಂದ ಇನ್ನೊಂದು ಬೇರೆಯಾಗುವುದು.

ಏರಿನ ಪ್ರಮಾಣವನ್ನು ಮೊಬೈಲಿನ ನಕ್ಷೆಯಲ್ಲಿ ನೋಡಿಕೊಂಡೆ: ಸುಮಾರು ಶೇಕಡಾ 5, ಎಂದರೆ ನೂರು ಮೀಟರ್ ಮುಂದೆ ಹೋದರೆ ಐದು ಮೀಟರ್ ಮೇಲೆ. ಆಮೇಲೆ ಕಾಗದ ಪೆನ್ಸಿಲ್ ಹಿಡಿದೆ. ನಾನು, ಸೈಕಲ್, ಚೀಲ ಎಲ್ಲ ಸೇರಿ 100 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಆ ಏರನ್ನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹತ್ತಲು ತೂಕವನ್ನು ಎತ್ತುವುದಕ್ಕೇ ಸುಮಾರು 200 ವ್ಯಾಟ್ ಬೇಕು. ಟಯರಿನ ಘರ್ಷಣೆ, ಗಾಳಿಯ ತಡೆ ಸೇರಿದರೆ 260ರ ಆಸುಪಾಸು. ಸಾಧಾರಣ ಮೈಕಟ್ಟಿನವರು ಬೆವರಿಳಿಸದೆ 100 ವ್ಯಾಟ್ ತುಳಿಯಬಲ್ಲರು. ಉಳಿದ 160 ವ್ಯಾಟ್ ಮೋಟಾರಿನ ಪಾಲು. ಈ ಲೆಕ್ಕ ಮುಗಿದ ಮೇಲೆ ಜಾಹೀರಾತುಗಳಲ್ಲಿನ 500, 750, 1000 ವ್ಯಾಟ್‌ಗಳ ಮೋಹ ತಾನಾಗಿ ಇಳಿಯಿತು.

ಆ ಅಂಕಿಗಳಲ್ಲಿ ಇನ್ನೊಂದು ಚಮತ್ಕಾರವೂ ಇದೆ. ಕೆಲವರು ಬರೆಯುವುದು ಮೋಟಾರು ಗಂಟೆಗಟ್ಟಲೆ ಕೊಡಬಲ್ಲ ನಿರಂತರ ಶಕ್ತಿಯನ್ನು, ಕೆಲವರು ಕೆಲವೇ ಕ್ಷಣ ಕೊಡಬಲ್ಲ ಗರಿಷ್ಠ ಶಕ್ತಿಯನ್ನು. ಒಂದೇ ಮೋಟಾರನ್ನು ಎರಡು ಅಂಗಡಿಗಳು ಎರಡು ಸಂಖ್ಯೆಗಳಲ್ಲಿ ಮಾರಬಹುದು. ಕಾನೂನಿನ ಮಿತಿಯೂ ದೇಶದಿಂದ ದೇಶಕ್ಕೆ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ನಿರಂತರ ಶಕ್ತಿ 250 ವ್ಯಾಟ್ ಮೀರದೆ, ತುಳಿದಾಗ ಮಾತ್ರ ನೆರವು ಕೊಟ್ಟು, 25 ಕಿಲೋಮೀಟರ್ ವೇಗಕ್ಕೆ ಆ ನೆರವು ನಿಂತರೆ ಅದು ಸೈಕಲ್ ಎಂದೇ ಲೆಕ್ಕ. ಅಮೆರಿಕದ ಬಹಳಷ್ಟು ರಾಜ್ಯಗಳು ಮೂರು ವರ್ಗಗಳನ್ನು ಮಾಡಿಕೊಂಡಿವೆ: ಮೊದಲ ಎರಡಕ್ಕೆ ಸುಮಾರು 32 ಕಿಲೋಮೀಟರ್ ಮಿತಿ, ಮೂರನೆಯದಕ್ಕೆ 45. ನಿಮ್ಮಲ್ಲಿ ಯಾವ ನಿಯಮವಿದೆಯೋ ಅದನ್ನು ಮೊದಲು ಓದಿ. ಮಿತಿ ಮೀರಿದ್ದು ಸೈಕಲ್ಲಿನ ಆಕಾರದಲ್ಲಿದ್ದರೂ ಕಾನೂನಿನ ಕಣ್ಣಿಗೆ ಮೋಟಾರು ವಾಹನ. ಪರವಾನಗಿ, ನೋಂದಣಿ, ವಿಮೆ ಎಲ್ಲ ಹಿಂದೆಯೇ ಬರುತ್ತವೆ.

ವೇಗದ ಆಸೆಯನ್ನೂ ಲೆಕ್ಕವೇ ತಣ್ಣಗಾಗಿಸಿತು. 11 ಕಿಲೋಮೀಟರಿಗೆ 20ರ ವೇಗದಲ್ಲಿ 33 ನಿಮಿಷ, 25ರಲ್ಲಿ 26 ನಿಮಿಷ. ಉಳಿದ ಏಳು ನಿಮಿಷದಲ್ಲಿ ಅರ್ಧವನ್ನು ಸಿಗ್ನಲ್‌ಗಳು ನುಂಗುತ್ತವೆ. ಅತ್ತ ಸಮತಟ್ಟಿನಲ್ಲಿ 20ರ ವೇಗಕ್ಕೆ ನೂರು ವ್ಯಾಟ್‌ನಷ್ಟು ಸಾಕಾದರೆ, 32ಕ್ಕೆ ಅದರ ಮೂರು ಪಟ್ಟು ಬೇಕು, ಏಕೆಂದರೆ ವೇಗ ಹೆಚ್ಚಿದಂತೆ ಗಾಳಿಯ ತಡೆ ವಿಪರೀತವಾಗಿ ಏರುತ್ತದೆ. ಬ್ಯಾಟರಿಯನ್ನು ಬೇಗ ಬರಿದು ಮಾಡುವುದರಲ್ಲಿ ಚಡಾವಿನ ಜೊತೆ ಈ ಅವಸರವೂ ಪಾಲುದಾರ.

ಮೋಟಾರು ಎಲ್ಲಿರಬೇಕು ಎಂಬುದು ಮುಂದಿನ ಪ್ರಶ್ನೆ. ಚಕ್ರದ ನಟ್ಟನಡುವಿನ ಗುಂಬದಲ್ಲಿ (ಹಬ್) ಕೂರುವ ಹಬ್ ಮೋಟಾರು ಒಂದು ಬಗೆ, ಪೆಡಲುಗಳ ನಡುವೆ ಕೂರುವ ಮಿಡ್ ಡ್ರೈವ್ ಇನ್ನೊಂದು. ಮಿಡ್ ಡ್ರೈವ್ ತನ್ನ ಬಲವನ್ನು ಸೈಕಲ್ಲಿನ ಗಿಯರುಗಳ ಮೂಲಕವೇ ಕಳಿಸುತ್ತದೆ. ಕಡಿದಾದ ಏರಿನಲ್ಲಿ ಚಿಕ್ಕ ಗಿಯರಿಗೆ ಬಂದರೆ ಮೋಟಾರು ಸುಖವಾಗಿ ತಿರುಗುತ್ತದೆ. ಹಬ್ ಮೋಟಾರಿಗೆ ಆ ಅನುಕೂಲವಿಲ್ಲ. ಚಕ್ರ ನಿಧಾನವಾದರೆ ಅದೂ ನಿಧಾನವಾಗಿ, ತಿರುಗುವುದಕ್ಕಿಂತ ಬಿಸಿಯಾಗುವುದೇ ಹೆಚ್ಚಾಗುತ್ತದೆ. ಹಾಗೆಂದು ಮಿಡ್ ಡ್ರೈವ್ ಎಲ್ಲರಿಗೂ ಬೇಕೆಂದಲ್ಲ. ನಿಮ್ಮ ಕಾಲಿನ ಬಲದ ಜೊತೆ ಮೋಟಾರಿನ ಬಲವೂ ಒಂದೇ ಚೈನಿನ ಮೇಲೆ ಬೀಳುವುದರಿಂದ ಚೈನು ಮತ್ತು ಹಲ್ಲುಚಕ್ರಗಳು ಬೇಗ ಸವೆಯುತ್ತವೆ. ಹಬ್ ಮೋಟಾರು ಚೈನಿಗೆ ಹೊರೆಯಾಗುವುದಿಲ್ಲ, ದುರಸ್ತಿಯೂ ಸರಳ. ಶೇಕಡಾ 5ರ ಅರ್ಧ ಕಿಲೋಮೀಟರ್ ಏರಿಗೆ ಹಿಂಬದಿಯ ಹಬ್ ಮೋಟಾರೇ ಸಾಕೆಂದು ತೀರ್ಮಾನಿಸಿದೆ. ದಾರಿಯಲ್ಲಿ ಶೇಕಡಾ 10ರ ದೀರ್ಘ ಚಡಾವು ಇದ್ದಿದ್ದರೆ ಮರುಮಾತಿಲ್ಲದೆ ಮಿಡ್ ಡ್ರೈವ್ ಕೊಳ್ಳುತ್ತಿದ್ದೆ.

ಹಬ್‌ನಲ್ಲೂ ಎರಡು ಜಾತಿ. ಒಳಗೆ ಚಿಕ್ಕ ಗಿಯರುಗಳಿರುವುದು ಹಗುರ. ಮೋಟಾರು ನಿಂತಾಗ ಚಕ್ರ ಸಲೀಸಾಗಿ ಉರುಳುತ್ತದೆ. ಗಿಯರಿಲ್ಲದ ನೇರ ಮಾದರಿ ಭಾರ, ಆದರೆ ಸದ್ದಿಲ್ಲ. ಬ್ರೇಕ್ ಹಾಕಿದಾಗ ಬ್ಯಾಟರಿ ತುಂಬುತ್ತದೆ ಎಂದು ಹೇಳುವುದೂ ಈ ನೇರ ಮಾದರಿಯ ಬಗ್ಗೆಯೇ. ಸೈಕಲ್ಲಿನಂಥ ಹಗುರ ವಾಹನದಲ್ಲಿ ಹಾಗೆ ಮರಳುವ ಶಕ್ತಿ ಅತ್ಯಲ್ಪ. ಅದಕ್ಕಾಗಿ ಭಾರ ಹೊರುವುದು ನನಗೆ ಒಪ್ಪಿಗೆಯಾಗಲಿಲ್ಲ.

ಇಷ್ಟೆಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಮಾಡುವ ಭಾಗದ ಹೆಸರು ಜಾಹೀರಾತಿನ ಕೊನೆಯ ಸಾಲಿನಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ: ಸೆನ್ಸರ್. ಅಗ್ಗದ ಸೈಕಲ್ಲುಗಳಲ್ಲಿರುವುದು ಕೇಡೆನ್ಸ್ ಸೆನ್ಸರ್. ಪೆಡಲಿನ ಬಳಿ ಅಯಸ್ಕಾಂತಗಳಿರುವ ಒಂದು ಬಿಲ್ಲೆ. ಅದು ತಿರುಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಮೋಟಾರಿಗೆ ಗೊತ್ತಾಗುತ್ತದೆ. ನೀವು ಮೆಲ್ಲಗೆ ತುಳಿದರೂ ಬಲವಾಗಿ ತುಳಿದರೂ ಅದಕ್ಕೆ ಒಂದೇ. ಪೆಡಲು ಸ್ವಲ್ಪ ತಿರುಗಿದ ಮೇಲೆ ಮೋಟಾರು ಥಟ್ಟನೆ ನೂಕುತ್ತದೆ, ತುಳಿಯುವುದು ನಿಲ್ಲಿಸಿದ ಮೇಲೂ ಒಂದು ಕ್ಷಣ ನೂಕುತ್ತಲೇ ಇರುತ್ತದೆ. ಖಾಲಿ ರಸ್ತೆಯಲ್ಲಿ ಇದು ತಮಾಷೆಯಾಗಿದೆ. ಎರಡು ವಾಹನಗಳ ನಡುವಿನ ಕಿರಿದಾದ ಜಾಗದಲ್ಲಿ ನಿಧಾನವಾಗಿ ನುಸುಳುವಾಗ ತಮಾಷೆಯಲ್ಲ. ಟಾರ್ಕ್ ಸೆನ್ಸರ್ ಅಳೆಯುವುದು ಪೆಡಲಿನ ಮೇಲೆ ಬಿದ್ದ ಬಲವನ್ನು. ಒತ್ತಿದಷ್ಟು ನೆರವು, ಬಿಟ್ಟೊಡನೆ ವಿರಾಮ. ಎರಡನ್ನೂ ಒಂದರ ಹಿಂದೊಂದು ಓಡಿಸಿ ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಟಾರ್ಕ್ ಸೆನ್ಸರಿಗೆ ಬೆಲೆ ಹೆಚ್ಚು. ಆ ಹಣಕ್ಕಾಗಿ ದೊಡ್ಡ ಪರದೆ, ಆ್ಯಪ್, ಆಕರ್ಷಕ ದೀಪ ಎಲ್ಲವನ್ನೂ ಬಿಟ್ಟುಕೊಟ್ಟೆ, ಕಿಂಚಿತ್ತೂ ಬೇಸರವಿಲ್ಲದೆ.

ಬ್ಯಾಟರಿಯ ವಿಷಯದಲ್ಲಿ ಕೇಳಬೇಕಾದ ಸಂಖ್ಯೆ ಒಂದೇ, ಅದರಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಸುತ್ತದೆ ಎಂದು ಹೇಳುವ ವ್ಯಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಅದು ಸಿಗುತ್ತದೆ: 36 ವೋಲ್ಟ್, 14 ಆಂಪಿಯರ್-ಅವರ್ ಎಂದರೆ 504. “ಒಂದು ಚಾರ್ಜಿಗೆ 100 ಕಿಲೋಮೀಟರ್” ಎಂದು ಬರೆದಿದ್ದರೆ ಹಗುರ ಸವಾರ, ಸಮತಟ್ಟು ದಾರಿ, ಅತಿ ಕಡಿಮೆ ನೆರವು, ಗಾಳಿಯಿಲ್ಲದ ಹಿತವಾದ ದಿನ ಎಂದು ಓದಿಕೊಳ್ಳಬೇಕು. ಮಧ್ಯಮ ನೆರವಿನಲ್ಲಿ ಕಿಲೋಮೀಟರಿಗೆ 8ರಿಂದ 15 ವ್ಯಾಟ್-ಅವರ್ ಖರ್ಚಾಗುತ್ತದೆ ಎಂದಿಟ್ಟುಕೊಳ್ಳುವುದು ಪ್ರಾಮಾಣಿಕ ಲೆಕ್ಕ. ನಾನು 12 ಹಿಡಿದೆ. ಹೋಗಿಬರುವ 22 ಕಿಲೋಮೀಟರಿಗೆ 264. ಬ್ಯಾಟರಿಗೆ ವಯಸ್ಸಾದಂತೆ ಸಾಮರ್ಥ್ಯ ಕುಗ್ಗುತ್ತದೆ, ಚಳಿಯಲ್ಲಿ ಇನ್ನಷ್ಟು ಕುಗ್ಗುತ್ತದೆ, ಎದುರುಗಾಳಿಯ ದಿನಗಳೂ ಇರುತ್ತವೆ. ಹಾಗಾಗಿ 360ರದ್ದು ಇಕ್ಕಟ್ಟು, 700ರದ್ದು ವ್ಯರ್ಥ ಹೊರೆ ಎನ್ನಿಸಿ 500ರ ಆಸುಪಾಸಿನದನ್ನು ಆರಿಸಿದೆ. ಎರಡು ಆಂಪಿಯರಿನ ಚಾರ್ಜರಿನಲ್ಲಿ ಪೂರ್ತಿ ಖಾಲಿಯಿಂದ ತುಂಬಲು ಏಳು ಗಂಟೆಗೂ ಮೇಲೆ ಬೇಕು. ಆದರೆ ಪೂರ್ತಿ ಖಾಲಿ ಮಾಡುವ ಸಂದರ್ಭವೇ ಬರುವುದಿಲ್ಲ.

ಬ್ಯಾಟರಿಯ ಸುರಕ್ಷತೆಯ ಬಗ್ಗೆ ನಾನು ತುಸು ಹಠಮಾರಿ. ಬ್ಯಾಟರಿಯೊಳಗಿನ ಒಂದು ಲಿಥಿಯಂ ಅಯಾನ್ ಕೋಶಕ್ಕೆ ಒಮ್ಮೆ ಬೆಂಕಿ ಹಿಡಿದರೆ ಪಕ್ಕದ ಕೋಶಗಳೂ ಒಂದೊಂದಾಗಿ ಹೊತ್ತಿಕೊಳ್ಳುತ್ತವೆ, ಆರಿಸುವುದು ಬಲು ಕಷ್ಟ. ನ್ಯೂಯಾರ್ಕ್ ನಗರ 2023ರಲ್ಲಿ, ಮಾನ್ಯ ಸುರಕ್ಷತಾ ಪ್ರಮಾಣಪತ್ರವಿಲ್ಲದ ಎಲೆಕ್ಟ್ರಿಕ್ ಸೈಕಲ್ ಮತ್ತು ಬ್ಯಾಟರಿಗಳ ಮಾರಾಟವನ್ನೇ ನಿಷೇಧಿಸಿತು. ಅಲ್ಲಿ ಕೇಳುವುದು ಸೈಕಲ್ಲಿನ ವಿದ್ಯುತ್ ವ್ಯವಸ್ಥೆಗೆ ಯುಎಲ್ 2849, ಬ್ಯಾಟರಿಗೆ ಯುಎಲ್ 2271 ಎಂಬ ಸುರಕ್ಷತಾ ಮಾನದಂಡಗಳನ್ನು. ಯುರೋಪಿನಲ್ಲಿ ಸೈಕಲ್ಲಿಗೆ ಇಎನ್ 15194. ಇಂಥ ಗುರುತು ಯಾವುದಿದೆ ಎಂದು ಕೇಳಿದಾಗ ಮಾತು ಬದಲಿಸಿದ ಮಾರಾಟಗಾರನ ಅಂಗಡಿಯಿಂದ ನಾನು ಹೊರಗೆ ಬಂದೆ. ಹಳೆಯ ಸೈಕಲ್ ಕೊಳ್ಳುವವರಿಗೂ ಇದೇ ಮಾತು: ಚೌಕಟ್ಟು, ಚಕ್ರ ಹಳೆಯದಾದರೆ ಅಡ್ಡಿಯಿಲ್ಲ. ಯಾರೋ ಬಿಚ್ಚಿ ಮತ್ತೆ ಜೋಡಿಸಿದ ಬ್ಯಾಟರಿ ಮಾತ್ರ ಬೇಡ.

ಮೆಟ್ಟಿಲಿನ ವಿಷಯಕ್ಕೆ ಬರುತ್ತೇನೆ. ಈ ಸೈಕಲ್ಲುಗಳ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋಗ್ರಾಂ. ಓಡಿಸುವಾಗ ಅದು ತಿಳಿಯುವುದಿಲ್ಲ, ಎತ್ತುವಾಗ ಪ್ರತಿ ಗ್ರಾಮೂ ತಿಳಿಯುತ್ತದೆ. ಬ್ಯಾಟರಿ ಕಳಚಿದರೆ ಎರಡೂವರೆಯಿಂದ ಮೂರು ಕಿಲೋಗ್ರಾಂ ಇಳಿಯುತ್ತದೆ. ಅಷ್ಟರಿಂದಲೇ ಎತ್ತುವುದು ಸಾಧ್ಯವೋ ಅಸಾಧ್ಯವೋ ಎಂಬುದು ತೀರ್ಮಾನವಾಗಬಹುದು. ಆದ್ದರಿಂದ ಕಳಚಲಾಗದ ಬ್ಯಾಟರಿಯ ಸುಂದರ ಮಾದರಿಗಳನ್ನು ಮೊದಲೇ ಬದಿಗಿಟ್ಟೆ. ಕೆಲವು ಸೈಕಲ್ಲುಗಳಲ್ಲಿ ನಡೆಸಿಕೊಂಡು ಹೋಗುವಾಗ ಮೋಟಾರು ನಡಿಗೆಯ ವೇಗದಲ್ಲಿ ನೂಕುವ ಸೌಲಭ್ಯವಿರುತ್ತದೆ. ನೆಲಮಾಳಿಗೆಯ ಇಳಿಜಾರಿನಿಂದ ಮೇಲೆ ತರುವವರಿಗೆ ಅದು ವರದಾನ.

ಉಳಿದ ಭಾಗಗಳಲ್ಲಿ ಬ್ರೇಕಿನ ಬಗ್ಗೆ ಮಾತ್ರ ರಾಜಿಯಿಲ್ಲ: ದ್ರವದ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್. ಟಯರ್ 45 ಮಿಲಿಮೀಟರಿನಷ್ಟು ಅಗಲವಿದ್ದರೆ ಹಳ್ಳ ದಿಣ್ಣೆಗಳನ್ನು ಅದೇ ನುಂಗಿಕೊಳ್ಳುತ್ತದೆ; ಅಗ್ಗದ ಮುಂಬದಿ ಶಾಕ್ ಅಬ್ಸಾರ್ಬರ್ ತೂಕ ಕೂಡಿಸುತ್ತದೆಯೇ ಹೊರತು ಇನ್ನೇನನ್ನೂ ಮಾಡುವುದಿಲ್ಲ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಮುಖ್ಯ ಬ್ಯಾಟರಿಯಿಂದಲೇ ಉರಿಯುವ ದೀಪ ಮೊದಲೇ ಇದ್ದರೆ ಒಳ್ಳೆಯದು.

ಪರೀಕ್ಷಾ ಸವಾರಿಯಲ್ಲಿ ಅಂಗಡಿಯವರು ಖುಷಿಯಿಂದ ಎಲ್ಲ ನೆರವನ್ನೂ ಗರಿಷ್ಠಕ್ಕೆ ಇಟ್ಟು ಕೊಡುತ್ತಾರೆ. ಸವಾರ ಮುಗುಳ್ನಗುತ್ತಾ ಮರಳುತ್ತಾನೆ. ನಾನು ಮೊದಲು ಮೋಟಾರನ್ನು ಪೂರ್ತಿ ಆರಿಸಿ ಓಡಿಸಿದೆ. ಚಾರ್ಜ್ ಮುಗಿದ ದಿನ ಮನೆಗೆ ಬರಬೇಕಾದದ್ದು ಹೀಗೆಯೇ. ಆಗಲೂ ಅದು ಒಂದು ಭಾರವಾದ, ಆದರೆ ಸರಿಯಾದ ಸೈಕಲ್ಲಿನಂತೆ ಓಡಬೇಕು. ಆಮೇಲೆ ದಿನನಿತ್ಯದ ಚೀಲವನ್ನು ಕ್ಯಾರಿಯರಿಗೆ ಕಟ್ಟಿ ಏರಿನ ಮಧ್ಯದಲ್ಲಿ ನಿಂತು ಹೊರಟೆ. ನಡಿಗೆಯ ವೇಗದಲ್ಲಿ ಪೂರ್ತಿ ಸುತ್ತು ತಿರುಗಿಸಿದೆ. ತುಳಿಯುತ್ತಲೇ ಬ್ರೇಕ್ ಹಿಡಿದು ಮೋಟಾರು ತಕ್ಷಣ ನಿಲ್ಲುತ್ತದೆಯೇ ನೋಡಿದೆ. ಕೊನೆಗೆ ಅಂಗಡಿಯ ಮೆಟ್ಟಿಲಿನ ಮೇಲೆ ಎತ್ತಿದೆ. ಅಲ್ಲಿದ್ದವರು ವಿಚಿತ್ರವಾಗಿ ನೋಡಿದರು, ನೋಡಲಿ. ಕಾಗದದ ಮೇಲೆ ಮುಂದಿದ್ದ ಒಂದು ಮಾದರಿ ಇಲ್ಲಿ ಬಿದ್ದುಹೋಯಿತು. ನೆರವು ನಿಲ್ಲುವ ವೇಗ ಮೀರಿದೊಡನೆ ಅದು ಎಳೆದು ಹಿಡಿದಂತೆ ಆಗುತ್ತಿತ್ತು, ಮೋಟಾರಿಲ್ಲದೆ ಅದನ್ನು ತುಳಿಯುವುದೇ ಒಂದು ಶಿಕ್ಷೆ.

ಕೊಳ್ಳುವ ಮೊದಲು ಮಾರಾಟಗಾರನಿಗೆ ಕೇಳಿದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು, ನಾಲ್ಕು ವರ್ಷಗಳ ನಂತರ ಇದೇ ಬ್ಯಾಟರಿ ಸಿಗುತ್ತದೆಯೇ ಎಂಬುದು. ಬಹಳಷ್ಟು ಕಂಪನಿಗಳ ಬ್ಯಾಟರಿಗಳ ಆಕಾರ, ಕನೆಕ್ಟರ್, ಬೀಗ ಎಲ್ಲವೂ ಬೇರೆ ಬೇರೆ. ಕಂಪನಿ ಆ ಮಾದರಿಯನ್ನು ನಿಲ್ಲಿಸಿದರೆ ಚೆನ್ನಾಗಿರುವ ಸೈಕಲ್ ಗುಜರಿಗೆ ಹೋಗುತ್ತದೆ. ಮೋಟಾರನ್ನು ನಿಯಂತ್ರಿಸುವ ಕಂಟ್ರೋಲರ್, ಪರದೆ, ಚಾರ್ಜರ್ ಬಿಡಿಯಾಗಿ ಸಿಗುತ್ತವೆಯೇ ಎಂದೂ ವಿಚಾರಿಸಿದೆ. ಬ್ಯಾಟರಿಯ ಖಾತರಿ ಎಷ್ಟು ವರ್ಷ ಎಂಬುದರ ಜೊತೆಗೆ ಎಷ್ಟು ಚಾರ್ಜ್ ಆವರ್ತಗಳಿಗೆ, ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಓದಿದ ಮೇಲೆಯೇ ಹಣ ಕೊಟ್ಟೆ. ಬೀಗದ ಕೀಲಿಯ ಸಂಖ್ಯೆಯನ್ನು, ಚೌಕಟ್ಟಿನ ಕ್ರಮಸಂಖ್ಯೆಯನ್ನು ಅಂದೇ ಬರೆದಿಟ್ಟುಕೊಂಡೆ.

ಈಗ ಬಳಕೆಯ ಮಾತು. ಬ್ಯಾಟರಿಯ ಚಾರ್ಜನ್ನು ಬಹುತೇಕ ಶೇಕಡಾ 20ರಿಂದ 80ರ ನಡುವೆ ಇಡುತ್ತೇನೆ, ದೂರದ ಪ್ರಯಾಣವಿದ್ದರೆ ಮಾತ್ರ ಪೂರ್ತಿ ತುಂಬಿಸುತ್ತೇನೆ. ಚಳಿಯಲ್ಲಿ ತಣ್ಣಗಾಗಿ ಬಂದ ಬ್ಯಾಟರಿ ಕೋಣೆಯ ಬಿಸಿಗೆ ಬರುವವರೆಗೆ ಚಾರ್ಜರ್ ತಾಗಿಸುವುದಿಲ್ಲ. ಹೆಪ್ಪುಗಟ್ಟುವ ತಾಪಮಾನದಲ್ಲಿ ಚಾರ್ಜ್ ಮಾಡಿದರೆ ಕೋಶಗಳಿಗೆ ಶಾಶ್ವತ ಹಾನಿ. ಮಲಗಿರುವಾಗ ಚಾರ್ಜ್ ಮಾಡುವುದಿಲ್ಲ, ಬೆಂಕಿ ಬಿದ್ದರೆ ಹೊರಗೋಡಬೇಕಾದ ಬಾಗಿಲಿನ ಹಾದಿಯಲ್ಲಿಟ್ಟೂ ಮಾಡುವುದಿಲ್ಲ. ನೆರವು ಹೆಚ್ಚಾಗಿ ಎರಡನೆಯ ಹಂತದಲ್ಲಿರುತ್ತದೆ, ಕಚೇರಿಯ ಚಡಾವಿಗೆ ಮೂರು. ಅಲ್ಲಿ ಹಬ್ ಮೋಟಾರಿನ ಸ್ವಭಾವ ನೆನಪಿಟ್ಟುಕೊಂಡು ಏರು ಶುರುವಾಗುವ ಮೊದಲೇ ತುಸು ವೇಗ ಗಳಿಸಿಕೊಳ್ಳುತ್ತೇನೆ. ಬೆವರದೆ ಕಚೇರಿ ತಲುಪುತ್ತೇನೆ ಎಂದರೆ ಉತ್ಪ್ರೇಕ್ಷೆಯಾದೀತು, ಅಂಗಿ ಬದಲಿಸದೆ ತಲುಪುತ್ತೇನೆ.

ಹಿಂಬದಿಯ ಪಂಕ್ಚರ್ ಈ ಆಯ್ಕೆಯ ನಿಜವಾದ ಕಿರಿಕಿರಿ. ಹಬ್ ಮೋಟಾರಿನ ಚಕ್ರವನ್ನು ಬಿಚ್ಚಲು ಸ್ಪ್ಯಾನರ್ ಬೇಕು, ತಂತಿಯ ಕನೆಕ್ಟರನ್ನು ಬೇರ್ಪಡಿಸಬೇಕು, ಮತ್ತೆ ಜೋಡಿಸುವಾಗ ವಾಷರುಗಳು ಅದೇ ಕ್ರಮದಲ್ಲಿ ಕೂರಬೇಕು. ರಸ್ತೆ ಬದಿಯಲ್ಲಿ, ಮಳೆಯಲ್ಲಿ ಇದು ಯಾರಿಗೂ ಬೇಡ. ಚಕ್ರ ಬಿಚ್ಚದೆಯೇ ಟಯರಿನ ಒಂದು ಬದಿಯನ್ನು ಸರಿಸಿ, ಟ್ಯೂಬಿನ ತೂತಾದ ಭಾಗವನ್ನಷ್ಟೇ ಹೊರಗೆಳೆದು ತೇಪೆ ಹಾಕುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡೆ. ಜೊತೆಗೆ ಪಂಕ್ಚರ್ ತಡೆಯುವ ಪದರವಿರುವ ಟಯರನ್ನು ಹಿಂದಿನ ಚಕ್ರಕ್ಕೆ ಹಾಕಿಸಿದೆ. ಅದು ಉರುಳುವುದು ಸ್ವಲ್ಪ ಭಾರ, ಆದರೆ ಆ ಭಾರವನ್ನು ಹೊರಲು ಮೋಟಾರು ಇದೆಯಲ್ಲ.