ಹಿಂದಿನ ಚಕ್ರ, ಶಾಕ್ ಬದಲಿಸುವ ಮುನ್ನ ದಾರ, ಸ್ಕೇಲು ಕೈಗೆತ್ತಿಕೊಳ್ಳಿ

ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಬೈಕಿನ ಹಿಂಭಾಗ ಪಡುವ ಪಾಡು ಓಡಿಸುವವರಿಗೇ ಗೊತ್ತು. ಮಳೆಗಾಲಕ್ಕೆ ಕೆಸರು, ಕೊಯ್ಲಿಗೆ ಸೀಟಿನ ಹಿಂದೆ 50 ಕೆ.ಜಿ. ಚೀಲ. ಕುಲುಕು ತಡೆಯುವ ಶಾಕ್‌ನಿಂದ ಎಣ್ಣೆ ಸೋರುತ್ತದೆ, ರಿಮ್ ಸೊಟ್ಟಗಾಗುತ್ತದೆ. ಹಳೇ ಬೈಕಾದರೆ ಇನ್ನೂ ಕಷ್ಟ. ಯಮಹಾ ಆರ್‌ಎಕ್ಸ್ 100 ತಯಾರಿ ನಿಂತಿದ್ದು 1996ರಲ್ಲಿ. ಮೈಸೂರಿನ ಯೆಜ್ಡಿ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ. ಅಸಲಿ ಸಾಮಾನು ಸಿಗದಾಗ ಬೇರೆ ಮಾಡೆಲ್‌ನ ಶಾಕ್, ಬೇರೆ ಬೈಕಿನ ಚಕ್ರ ಹುಡುಕುವುದು ಸಹಜ, ಅಲ್ವಾ?

ನಾನೂ ಹುಡುಕಿದ್ದೆ. ನನ್ನ 100 ಸಿಸಿ ಬೈಕಿಗೆ ಮೂಲದ್ದಕ್ಕಿಂತ ಒಂದು ಇಂಚು ಉದ್ದದ ಶಾಕ್ ಹಾಕಿಸಿದೆ. ಬೋಲ್ಟ್ ಸಲೀಸಾಗಿ ಕೂತಿತು. ಊರೊಳಗೆ ಏನೂ ಗೊತ್ತಾಗಲಿಲ್ಲ. ಮುಳ್ಳಯ್ಯನಗಿರಿಯಿಂದ ಕೈಮರದ ಕಡೆ ಇಳಿಯುವಾಗ ಹ್ಯಾಂಡಲ್ ಕೈಯಲ್ಲೇ ನಡುಗತೊಡಗಿತು. ಮನೆಗೆ ಬಂದು ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಬೀಳುವಷ್ಟು ವಾಲಿತು. ಬೋಲ್ಟ್ ಕೂತ ಮಾತ್ರಕ್ಕೆ ಸಾಮಾನು ಹೊಂದಿತು ಅಂತ ಅರ್ಥವಲ್ಲ. ಅದಕ್ಕೇ ಹೇಳುತ್ತೇನೆ, ಅಳತೆ ಮೊದಲು, ದುಡ್ಡು ಆಮೇಲೆ.

ಆರ್‌ಸಿ ತೆಗೆದು ನೋಡಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎಂದು ಸೇರಿಸಿದ್ದಾರೆ. ಹಾಗಾಗಿ ಫ್ರೇಮ್ ಕತ್ತರಿಸಿ ಮೋನೋಶಾಕ್ (ನಡುವೆ ಒಂದೇ ಶಾಕ್) ಕೂರಿಸುವ ಆಸೆ ಬಿಟ್ಟುಬಿಡಿ. ಎರಡು ಶಾಕ್‌ನ ಬೈಕಿಗೆ ಅದೇ ಅಳತೆಯ ಎರಡು ಶಾಕ್, ಅದೇ ಅಳತೆಯ ಚಕ್ರ. ನಾನು ಹೇಳುವುದೆಲ್ಲ ಇಷ್ಟರ ಒಳಗೇ. ಫ್ರೇಮ್‌ಗೆ ವೆಲ್ಡಿಂಗ್ ಮಾತ್ರ ಬೇಡವೇ ಬೇಡ.

ಶಾಕ್‌ನಲ್ಲಿ ಏನೇನು ಅಳೆಯಬೇಕು

ಹಳೇ ಶಾಕ್ ಬಿಚ್ಚಿ ನೆಲದ ಮೇಲೆ ಮಲಗಿಸಿ. ಮೇಲಿನ ಬೋಲ್ಟ್ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಎಷ್ಟಿದೆ, ಅದೇ ಶಾಕ್‌ನ ಉದ್ದ. ಹೊಸದು ಇದಕ್ಕಿಂತ ಐದಾರು ಮಿಲಿಮೀಟರ್ ಆಚೀಚೆ ಇದ್ದರೆ ಪರವಾಗಿಲ್ಲ. ಒಂದು ಇಂಚು ಜಾಸ್ತಿಯಾದರೆ ಏನಾಗುತ್ತದೆ ನೋಡಿ. 100 ಸಿಸಿ ಬೈಕಿನ ಎರಡು ಚಕ್ರಗಳ ಕೇಂದ್ರದಿಂದ ಕೇಂದ್ರಕ್ಕೆ ದೂರ 1,230 ಮಿಲಿಮೀಟರ್ ಆಸುಪಾಸು. ಹಿಂಭಾಗ 25 ಮಿಲಿಮೀಟರ್ ಎದ್ದರೆ ಇಡೀ ಗಾಡಿ ಮುಂದಕ್ಕೆ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಾಗುತ್ತದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಅಷ್ಟು ನೆಟ್ಟಗಾಗುತ್ತದೆ, ಹ್ಯಾಂಡಲ್ ಚಂಚಲವಾಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ.

ಉದ್ದ ಕಮ್ಮಿಯಾದರೆ ಬೇರೆ ತೊಂದರೆ. ಚೀಲ ಹೇರಿ ಗುಂಡಿಗೆ ಇಳಿಸಿದಾಗ ಟೈರು ಮಡ್‌ಗಾರ್ಡ್‌ಗೆ ಉಜ್ಜುತ್ತದೆ. ಶಾಕ್‌ನ ಹೊಳೆಯುವ ರಾಡ್ ಎಷ್ಟು ಒಳಗೆ ಹೋಗುತ್ತದೋ, ಟೈರಿಗೂ ಮಡ್‌ಗಾರ್ಡ್‌ಗೂ ನಡುವೆ ಅದಕ್ಕಿಂತ ಎರಡು ಬೆರಳಾದರೂ ಜಾಸ್ತಿ ಜಾಗ ಇರಬೇಕು.

ಕೆಳತುದಿಯನ್ನೂ ನೋಡಿ. ಕೆಲವು ಶಾಕ್‌ಗಳಿಗೆ ದುಂಡನೆ ಕಣ್ಣು, ಕೆಲವಕ್ಕೆ ಕವೆಯ ಹಾಗೆ ಎರಡು ಕಾಲು. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ. ಬುಷ್ (ಬೋಲ್ಟ್ ಸುತ್ತ ಕೂರುವ ಚಿಕ್ಕ ಕೊಳವೆ) ತೂತು ದೊಡ್ಡದಿದ್ದರೆ ಲೇತ್‌ನಲ್ಲಿ ಸ್ಟೀಲ್ ಬುಷ್ ಮಾಡಿಸಿ. ತಗಡು ಸುತ್ತಿ ತುರುಕಬೇಡಿ, ಒಂದೇ ತಿಂಗಳಲ್ಲಿ ಬೋಲ್ಟ್ ಸವೆಯುತ್ತದೆ.

ಸ್ಪ್ರಿಂಗ್ ವಿಷಯದಲ್ಲಿ ಮೋಸ ಹೋಗುವವರೇ ಜಾಸ್ತಿ. ತಂತಿ ಸ್ವಲ್ಪ ದಪ್ಪ ಇದ್ದರೆ ಸ್ವಲ್ಪವೇ ಗಟ್ಟಿ ಅಂದುಕೊಳ್ಳುತ್ತೇವೆ. ಸುತ್ತು, ಅಗಲ ಒಂದೇ ಇದ್ದು ತಂತಿ 7 ಮಿಲಿಮೀಟರ್ ಬದಲು 8 ಆದರೆ ಸ್ಪ್ರಿಂಗ್ ಸುಮಾರು 70 ಶೇಕಡಾ ಗಟ್ಟಿಯಾಗುತ್ತದೆ. ಭಾರದ ಬೈಕಿನ ಶಾಕ್ ತಂದು ಹಗುರ ಬೈಕಿಗೆ ಹಾಕಿದವರ ಸೊಂಟ ನೋಯುವುದು ಇದಕ್ಕೇ. ಕೆಳಗಿರುವ ಮೆಟ್ಟಿಲು ಮೆಟ್ಟಿಲಿನ ಅಡ್ಜಸ್ಟರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ಎತ್ತರ ಆಗುತ್ತದೆ ಅಷ್ಟೇ.

ಚಕ್ರದ ಲೆಕ್ಕ

ಸ್ಪ್ಲೆಂಡರ್‌ಗೂ ಆರ್‌ಎಕ್ಸ್ 100ಕ್ಕೂ 18 ಇಂಚಿನ ರಿಮ್. ಹಳೇ ಬುಲೆಟ್‌ಗೆ 19. ಈಗಿನ ಬೈಕುಗಳಲ್ಲಿ 17 ಜಾಸ್ತಿ. ಹದಿನೇಳು ಹಾಕಿದರೆ ಗಾಡಿ ಕುಳ್ಳಗಾಗುತ್ತದೆ ಅಂತ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ. 2.75-18 (ಅಗಲ 2.75 ಇಂಚು, ರಿಮ್ 18 ಇಂಚು) ಟೈರಿನ ಒಟ್ಟು ಎತ್ತರ ಸುಮಾರು 597 ಮಿಲಿಮೀಟರ್. 100/90-17 (ಅಗಲ 100 ಮಿಲಿಮೀಟರ್, ಟೈರಿನ ಪಕ್ಕದ ಎತ್ತರ ಅದರ 90 ಶೇಕಡಾ, ರಿಮ್ 17 ಇಂಚು) ಟೈರಿನದು 612. ರಿಮ್ ಚಿಕ್ಕದು, ಚಕ್ರ ಮಾತ್ರ ದೊಡ್ಡದೇ! ಅದಕ್ಕಿಂತ ಮುಖ್ಯ ಅಗಲ. 70 ಮಿಲಿಮೀಟರ್ ಇದ್ದದ್ದು 100 ಆಗುತ್ತದೆ. ಒಂದೊಂದು ಪಕ್ಕಕ್ಕೂ ಇನ್ನೂ 15 ಮಿಲಿಮೀಟರ್ ಜಾಗ ಬೇಕು. ಒಂದು ಕಡೆ ಚೈನ್, ಇನ್ನೊಂದು ಕಡೆ ಬ್ರೇಕ್‌ನ ಟಾರ್ಕ್ ರಾಡ್ (ಬ್ರೇಕ್ ಪ್ಲೇಟ್ ಹಿಡಿದಿರುವ ಕಬ್ಬಿಣದ ಪಟ್ಟಿ). ಕೆಸರು ಕೂರಲು ಒಂದಿಷ್ಟು ಸಂದು ಉಳಿಯದಿದ್ದರೆ ಆಷಾಢದ ಮಳೆಯಲ್ಲಿ ಚಕ್ರ ಜಾಮ್ ಆಗುತ್ತದೆ.

ಚಕ್ರ ತರುವುದಾದರೆ ಬರೀ ರಿಮ್ ತರಬೇಡಿ. ಹಬ್ (ಚಕ್ರದ ನಡುಭಾಗ), ಬ್ರೇಕ್ ಪ್ಲೇಟ್, ಆಕ್ಸಲ್ (ಚಕ್ರ ತಿರುಗುವ ಅಚ್ಚು), ಎರಡು ಪಕ್ಕದ ಬುಷ್, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಅದರೊಳಗಿನ ರಬ್ಬರ್ ಎಲ್ಲವೂ ಒಂದೇ ಬೈಕಿನದ್ದು ಬರಲಿ. ಬೇರಿಂಗ್ ನಂಬರ್ ಓದಿದರೆ ಆಕ್ಸಲ್ ದಪ್ಪ ಗೊತ್ತಾಗುತ್ತದೆ. ಕೊನೆಯ ಎರಡು ಅಂಕಿ 01 ಇದ್ದರೆ ತೂತು 12 ಮಿಲಿಮೀಟರ್, 02 ಇದ್ದರೆ 15, 03 ಇದ್ದರೆ 17. ಚೈನ್‌ಗೂ ನಂಬರ್ ಇದೆ. 428ರ ಕೊಂಡಿಗಳ ಅಂತರ ಅರ್ಧ ಇಂಚು, 520ರದು 5/8 ಇಂಚು. ಒಂದರ ಸ್ಪ್ರಾಕೆಟ್ ಮೇಲೆ ಇನ್ನೊಂದು ಓಡುವುದಿಲ್ಲ.

ಹಬ್ ಒಳಗೆ ಎರಡು ಬೇರಿಂಗ್‌ಗಳ ನಡುವೆ ಒಂದು ಕೊಳವೆ ಇರುತ್ತದೆ. ಕಣ್ಣಿಗೆ ಬೀಳುವುದಿಲ್ಲ, ಕಳೆದುಹೋದರೂ ಗೊತ್ತಾಗುವುದಿಲ್ಲ. ಅದು ಒಂದು ಮಿಲಿಮೀಟರ್ ಗಿಡ್ಡ ಇದ್ದರೂ ಆಕ್ಸಲ್ ನಟ್ ಬಿಗಿದಾಗ ಬೇರಿಂಗ್ ಹಿಸುಕಿದ ಹಾಗಾಗುತ್ತದೆ. ಹೀಗೆ ಪರೀಕ್ಷೆ ಮಾಡಿ: ನಟ್ ಸಡಿಲ ಇರುವಾಗ ಚಕ್ರ ತಿರುಗಿಸಿ, ಪೂರ್ತಿ ಬಿಗಿದು ಮತ್ತೆ ತಿರುಗಿಸಿ. ಬಿಗಿದ ಮೇಲೆ ಬೇಗ ನಿಂತರೆ ಬಿಚ್ಚಿ ಕೊಳವೆ ನೋಡಿ.

ಟಾರ್ಕ್ ರಾಡ್ ಬಗ್ಗೆ ಇನ್ನೊಂದು ಮಾತು. ಬ್ರೇಕ್ ಪ್ಲೇಟ್ ಚಕ್ರದ ಜೊತೆ ತಿರುಗದಂತೆ ಹಿಡಿಯುವುದು ಈ ಪಟ್ಟಿಯೇ. ಬೇರೆ ಬೈಕಿನ ಪ್ಲೇಟ್ ಹಾಕಿದಾಗ ಇದು ಅಳತೆಗೆ ಸಿಗುವುದಿಲ್ಲ. ಸುಮ್ನೆ ಬಿಟ್ಟು ಓಡಿಸಿದರೆ, ಬ್ರೇಕ್ ಒತ್ತಿದ ಕ್ಷಣ ಪ್ಲೇಟ್ ತಿರುಗಿ ಚಕ್ರ ಕಚ್ಚಿಕೊಳ್ಳುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಹಾಗಾದರೆ ಗತಿ ಏನು? ಸರಿಯಾದ ಉದ್ದದ ಪಟ್ಟಿ, ಎರಡು ತುದಿಗೂ ಹೊಸ ಬೋಲ್ಟ್, ಸ್ಪ್ಲಿಟ್ ಪಿನ್ ಇಲ್ಲದೆ ಗಾಡಿ ರಸ್ತೆಗೆ ಇಳಿಸಬೇಡಿ.

ದಾರ ಹಿಡಿದು ನೇರ ನೋಡುವುದು

ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮೇಲಿನ ಗುರುತುಗಳು ಅಸಲಿ ಚಕ್ರಕ್ಕೆ ಮಾಡಿದವು. ಚಕ್ರ ಬದಲಾದ ಮೇಲೆ ಅವನ್ನು ನಂಬಬೇಡಿ. ಕಾಫಿ ಚೀಲ ಹೊಲಿಯುವ ದಾರ ಸಾಕು. ಹಿಂದಿನ ಟೈರಿನ ಹಿಂಬದಿಗೆ ಸುತ್ತಿ, ಎರಡೂ ತುದಿಯನ್ನು ಎರಡು ಪಕ್ಕದಿಂದ ಮುಂದಿನ ಟೈರಿನಾಚೆ ಎಳೆಯಿರಿ. ಇನ್ನೊಬ್ಬರು ಹ್ಯಾಂಡಲ್ ನೆಟ್ಟಗೆ ಹಿಡಿದುಕೊಳ್ಳಲಿ. ದಾರ ಹಿಂದಿನ ಟೈರಿನ ಮುಂಬದಿಯನ್ನು ಸವರಿದ ಹಾಗಿರಬೇಕು, ಬಾಗಿರಬಾರದು. ಈಗ ಮುಂದಿನ ಟೈರಿಗೂ ದಾರಕ್ಕೂ ಇರುವ ಸಂದನ್ನು ಎಡಕ್ಕೆ, ಬಲಕ್ಕೆ ಅಳೆಯಿರಿ. ಎರಡೂ ಸಮ ಬಂದರೆ ಚಕ್ರಗಳು ಒಂದೇ ಗೆರೆಯಲ್ಲಿವೆ. ಒಂದು ಕಡೆ ಜಾಸ್ತಿ ಬಂದರೆ ಮೊದಲು ಚೈನ್ ಅಡ್ಜಸ್ಟರ್ ತಿರುಗಿಸಿ ಚಕ್ರ ನೇರ ಮಾಡಿ, ಆಗಲೂ ಸಮ ಬರದಿದ್ದರೆ ಪಕ್ಕದ ಬುಷ್ ಬದಲಿಸಬೇಕು, ವಾಷರ್ ಗುಡ್ಡೆ ಹಾಕಬಾರದು. ಆಮೇಲೆ ಹಿಂದಿನಿಂದ ಕೂತು ಚೈನ್ ಮೇಲೆ ಕಣ್ಣಿಟ್ಟು ನೋಡಿ. ಎರಡು ಸ್ಪ್ರಾಕೆಟ್ ನಡುವೆ ಅದು ಬಾಣದ ಹಾಗೆ ನೇರ ಕಾಣಬೇಕು.

ಚೈನ್ ಬಿಗಿ ನೋಡಲು ಒಂದು ಕ್ರಮ ಇದೆ. ಮುಂದಿನ ಚಿಕ್ಕ ಸ್ಪ್ರಾಕೆಟ್, ಸ್ವಿಂಗ್ ಆರ್ಮ್ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ ಇರುತ್ತದೆ. ಶಾಕ್‌ನ ಕೆಳಗಿನ ಬೋಲ್ಟ್ ಬಿಚ್ಚಿ, ಚಕ್ರವನ್ನು ಆ ಎತ್ತರಕ್ಕೆ ಎತ್ತಿ ಹಿಡಿದು ನೋಡಿ. ಅಲ್ಲಿಯೂ ಚೈನ್ ಸ್ವಲ್ಪ ಕುಣಿಯಬೇಕು. ಸ್ಟ್ಯಾಂಡ್ ಮೇಲೆ ಮಾತ್ರ ನೋಡಿ ಬಿಗಿದರೆ, ಇಬ್ಬರು ಕೂತ ಕೂಡಲೇ ಚೈನ್ ಗಿಯರ್‌ಬಾಕ್ಸ್ ಬೇರಿಂಗ್ ಎಳೆಯುತ್ತದೆ.

ಮೊದಲ ಓಟ ಎರಡು ಕಿಲೋಮೀಟರ್ ಸಾಕು. ಇಳಿಜಾರಿಗೆ ಹೋಗಬೇಡಿ. ನಿಲ್ಲಿಸಿದ ಕೂಡಲೇ ಹಬ್‌ನ ನಡುವೆ, ಬೇರಿಂಗ್ ಇರುವ ಕಡೆ ಬೆರಳಿಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಎಲ್ಲೋ ಹಿಡಿಯುತ್ತಿದೆ. 50 ಕಿಲೋಮೀಟರ್ ಆದ ಮೇಲೆ ಎಲ್ಲ ನಟ್ ಮತ್ತೊಮ್ಮೆ ಬಿಗಿಯಿರಿ, ಚಕ್ರದ ಕಡ್ಡಿಗಳನ್ನು ತಟ್ಟಿ ಕೇಳಿ. ಸಡಿಲ ಕಡ್ಡಿ ಮಂಕಾಗಿ ಸದ್ದು ಮಾಡುತ್ತದೆ.

ಬಿಚ್ಚಿದ ಹಳೇ ಸಾಮಾನನ್ನು ಗುಜರಿಗೆ ಹಾಕಬೇಡಿ. ಗ್ರೀಸ್ ಸವರಿ ಚೀಲಕ್ಕೆ ತುಂಬಿ ಅಟ್ಟದ ಮೇಲಿಡಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಆರ್‌ಟಿಒದಲ್ಲಿ ಗಾಡಿ ತೋರಿಸಬೇಕಾಗುತ್ತದೆ. ಅವತ್ತು ಆ ಚೀಲ ಬೇಕಾಗಬಹುದು.